ಅತಿಥಿಗಳು ಬರುವವರೆಗೆ ಒಂದು ಹಾಡು: ಹೋರಾಟದಲ್ಲಿ ಕಲೆಗೆ ಇಷ್ಟೇ ಜಾಗನಾ?

ಕಂಜರದ ಹುಡುಗಿ

ನಾನು ಹೋರಾಟದ ಹಾಡು ಹೇಳುವವಳು. ಸಂಘಟನೆಗಳು ಕರೆದ ಕಡೆ ಕಂಜರ ಹಿಡಿದುಕೊಂಡು ಹೋಗುತ್ತೇನೆ. ಎಲ್ಲಿ ಹೋದರೂ ಒಂದು ಮಾತು ತಪ್ಪಲ್ಲ: "ಮೇಡಂ, ಅತಿಥಿಗಳು ಇನ್ನೂ ದಾರಿಯಲ್ಲಿದ್ದಾರೆ, ಅಲ್ಲೀತನಕ ಒಂದೆರಡು ಹಾಡು ಹೇಳಿಬಿಡಿ." ನಾವು ಹಾಡುತ್ತಿದ್ದರೆ ಹಿಂದೆ ಬ್ಯಾನರ್ ಕಟ್ಟುತ್ತಿರುತ್ತಾರೆ. ಮೈಕ್ ಸರಿಯಿದೆಯಾ ಅಂತ ನೋಡೋದೂ ನಮ್ಮ ಹಾಡಿನ ಮೇಲೇ. ಕಾರು ಬಂತು ಅಂದರೆ ಮುಗೀತು, ಚರಣದ ಮಧ್ಯದಲ್ಲೇ ಕೈಸನ್ನೆ. ಮಾರನೇ ದಿನ ಪತ್ರಿಕೆಯಲ್ಲಿ ಭಾಷಣ ಮಾಡಿದವರ ಹೆಸರೆಲ್ಲ ಇರುತ್ತದೆ. ಕೊನೇ ಸಾಲಿನಲ್ಲಿ "ಕಲಾವಿದರು ಕ್ರಾಂತಿಗೀತೆ ಹಾಡಿದರು" ಅಂತ ಬಂದರೆ ನಮ್ಮ ಪುಣ್ಯ.

ಇದು ಹಳೇ ಗೋಳು, ಇರಲಿ. ಈಗ ಕೇಳುತ್ತಿರುವುದು ಬೇರೆ ಕಾರಣಕ್ಕೆ. ನಮ್ಮದೊಂದು ಚಿಕ್ಕ ಗುಂಪು ವೃದ್ಧಾಪ್ಯ ವೇತನ, ವಿಧವಾ ವೇತನ ನಿಂತುಹೋದವರ ಜೊತೆ ಓಡಾಡುತ್ತಿದೆ. ಕೆಲವರ ಹಣ ಯಾಕೆ ನಿಂತಿತು ಅಂತ ವಿಚಾರಿಸಿದರೆ, ದಾಖಲೆಯಲ್ಲಿ ಅವರು ತೀರಿಕೊಂಡಿದ್ದಾರೆ! ಅಜ್ಜಿ ಕಚೇರಿಯ ಕಿಟಕಿ ಮುಂದೆ ನಿಂತಿದ್ದಾರೆ, ಒಳಗೆ ಕಂಪ್ಯೂಟರಿನಲ್ಲಿ 'ಮೃತ' ಅಂತಿದೆ. "ಬದುಕಿದ್ದೀರಿ ಅಂತ ಸರ್ಟಿಫಿಕೇಟ್ ತನ್ನಿ" ಅನ್ನುತ್ತಾರೆ. ಅಜ್ಜಿಗೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಗುಂಪಿನಲ್ಲಿ ಈಗ ಜಗಳ ಹತ್ತಿದೆ. ಒಬ್ಬರು ಬೀದಿ ನಾಟಕ ಮಾಡೋಣ ಅಂತಾರೆ. ಇನ್ನೊಬ್ಬರು ಅದರಿಂದೇನು, ಪತ್ರಿಕೆಯವರನ್ನು, ಟಿವಿಯವರನ್ನು ಕರೆಸೋಣ ಅಂತಾರೆ. ಮತ್ತೊಬ್ಬರಿಗೆ ಎರಡೂ ಬೇಡ, ಮಾಹಿತಿ ಹಕ್ಕು ಅರ್ಜಿ ಹಾಕಿ ಕೋರ್ಟಿಗೆ ಹೋಗೋಣ ಅನ್ನೋ ಹಟ. ಇರೋ ಜನ ಬೆರಳೆಣಿಕೆಯಷ್ಟು, ಎಲ್ಲವನ್ನೂ ಮಾಡೋಕೆ ಆಗಲ್ಲ. ಹಾಡುವವಳಾದ ನನಗೇ ಈಗ ಅನುಮಾನ ಬಂದಿದೆ. ಕಲೆಯಿಂದ ನಿಜಕ್ಕೂ ಏನಾದರೂ ಕೆಲಸ ಆಗುತ್ತಾ? ಅನುಭವ ಇದ್ದವರು ಹೇಳಿ. ಸಮಾಧಾನದ ಮಾತು ಬೇಡ.

ಮೂರನೇ ಸಾಲು

ಸಮಾಧಾನ ಬೇಡ ಅಂದಿದ್ದೀರಿ, ಹಾಗಾದರೆ ನೇರವಾಗಿ ಹೇಳುತ್ತೇನೆ. ನಾನು ಹಾಡುವವನಲ್ಲ, ಆಡುವವನಲ್ಲ, ಎದುರಿಗೆ ಕೂತು ನೋಡುವವನು. ಬೀದಿ ನಾಟಕ ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಎಲ್ಲದರಲ್ಲೂ ಅದೇ ಕಪ್ಪು ಕನ್ನಡಕದ ರಾಜಕಾರಣಿ, ಅದೇ ಲಂಚ ತಿನ್ನುವ ಗುಮಾಸ್ತ, ಹೊಟ್ಟೆ ಮುಂದೆ ಬಂದ ಪೊಲೀಸಪ್ಪ. ಕೊನೆಗೆ ಎಲ್ಲರೂ ಕೈ ಕೈ ಹಿಡಿದು "ಎದ್ದೇಳಿ" ಅಂತ ಕೂಗುತ್ತಾರೆ. ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಗುಮಾಸ್ತ ಆ ನಾಟಕಕ್ಕೆ ಬಂದೇ ಇರಲ್ಲ.

ಬಂದವರೆಲ್ಲ ಮೊದಲೇ ಒಪ್ಪಿದವರು. ಒಪ್ಪಿದವರನ್ನು ಮತ್ತೆ ಒಪ್ಪಿಸೋದಕ್ಕೆ ಇಷ್ಟು ಕಷ್ಟ ಯಾಕೆ? ಇನ್ನೂ ಕೆಟ್ಟದ್ದೇನು ಅಂದರೆ, ನಾಟಕ ನೋಡಿದ ಮೇಲೆ ನಾವೇನೋ ಮಾಡಿದ್ದೇವೆ ಅನ್ನೋ ನೆಮ್ಮದಿ ಬಂದುಬಿಡುತ್ತದೆ. ಒಂದು ನಾಟಕದಿಂದ ಒಂದು ಕಾನೂನು ಬದಲಾದ ಉದಾಹರಣೆ ಇದ್ದರೆ ಕೊಡಿ, ಆಮೇಲೆ ಮಾತಾಡೋಣ.

ಒಳಪುಟ

ಕೊಡುತ್ತೇನೆ, ಅದೂ ತೀರಾ ಇತ್ತೀಚಿನದು. ಬ್ರಿಟನ್ನಿನ ಅಂಚೆ ಕಚೇರಿ ಹಗರಣ. 'ಹೊರೈಜ಼ನ್' ಅನ್ನೋ ಕಂಪ್ಯೂಟರ್ ವ್ಯವಸ್ಥೆ ಲೆಕ್ಕ ತಪ್ಪಿಸುತ್ತಿತ್ತು. ಅದು ತೋರಿಸಿದ ಕೊರತೆಯನ್ನು ನಂಬಿ ಅಂಚೆ ಕಚೇರಿ ನಡೆಸುತ್ತಿದ್ದವರ ಮೇಲೆಯೇ ಕಳ್ಳತನದ ಕೇಸು ಹಾಕಿದರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಮನೆ ಮಾರಿದರು.

ಪತ್ರಿಕೆ ಸುಮ್ಮನಿತ್ತಾ? ಇಲ್ಲ. 'ಕಂಪ್ಯೂಟರ್ ವೀಕ್ಲಿ' ಅನ್ನೋ ಉದ್ಯಮ ಪತ್ರಿಕೆ 2009ರಲ್ಲೇ ಬರೆಯಿತು. ಹೋರಾಟಗಾರರು ಸುಮ್ಮನಿದ್ದರಾ? ಅವರೂ ಇಲ್ಲ. ಅದೇ ವರ್ಷ, ಹಿಂದೆ ತಾವೂ ಅಂಚೆ ಕಚೇರಿ ನಡೆಸುತ್ತಿದ್ದ ಆಲನ್ ಬೇಟ್ಸ್ ಸಂತ್ರಸ್ತರ ಒಕ್ಕೂಟ ಕಟ್ಟಿದರು. 2019ರಲ್ಲಿ ಹೈಕೋರ್ಟ್ ಕೂಡ ವ್ಯವಸ್ಥೆಯಲ್ಲಿ ದೋಷವಿದೆ ಅಂತ ತೀರ್ಪು ಕೊಟ್ಟಿತು. ಆದರೂ ಬಹುಪಾಲು ಜನರ ಶಿಕ್ಷೆ ಹಾಗೇ ಇತ್ತು. ಒಬ್ಬೊಬ್ಬರೇ ಮೇಲ್ಮನವಿ ಹಾಕಿಕೊಂಡು ಬರಬೇಕಿತ್ತು.

2024ರ ಜನವರಿ 1ರಿಂದ 4ರವರೆಗೆ ಒಂದು ಟಿವಿ ವಾಹಿನಿ ಇದರ ಮೇಲೆ ನಾಲ್ಕು ಕಂತಿನ ನಾಟಕ ತೋರಿಸಿತು. ಜನವರಿ 10ಕ್ಕೆ ಪ್ರಧಾನಿ ಸಂಸತ್ತಿನಲ್ಲಿ ಎದ್ದು ನಿಂತು, ಎಲ್ಲರ ಶಿಕ್ಷೆಯನ್ನೂ ಒಟ್ಟಿಗೆ ರದ್ದು ಮಾಡಲು ಕಾನೂನು ತರುತ್ತೇವೆ ಅಂದರು. ಮೇ ತಿಂಗಳಿಗೆ ಕಾನೂನು ಆಯಿತು. ಹದಿನಾಲ್ಕು ವರ್ಷ ವರದಿ ಮಾಡಿದ್ದು ಒಂದು ಕಡೆ, ಒಂದು ವಾರದ ನಾಟಕ ಇನ್ನೊಂದು ಕಡೆ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದ ನನಗೆ ಇದನ್ನು ಬರೆಯೋಕೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಆದರೆ ನಡೆದದ್ದು ಹೀಗೆ.

ಅರ್ಜಿದಾರ

ಒಳಪುಟ ಸಾರ್, ಕಥೆ ಸರಿ, ಅದರ ಸಾರ ಹಿಡಿದದ್ದು ಅರ್ಧ. ಪ್ರಧಾನಿ ಒಂದೇ ವಾರದಲ್ಲಿ ಧೈರ್ಯವಾಗಿ ಹಾಗೆ ಹೇಳೋಕೆ ಹೇಗಾಯಿತು? ಕೈಯಲ್ಲಿ 2019ರ ತೀರ್ಪು ಇತ್ತು. ಆ ತೀರ್ಪು ಬಂದಿದ್ದು 555 ಜನ ಒಟ್ಟಾಗಿ ದಾವೆ ಹೂಡಿದ್ದಕ್ಕೆ. ಸಾರ್ವಜನಿಕ ವಿಚಾರಣೆ ಆಗಲೇ ನಡೆಯುತ್ತಿತ್ತು, ಅಧಿಕಾರಿಗಳ ಇಮೇಲುಗಳು ಹೊರಗೆ ಬರುತ್ತಿದ್ದವು. ನಾಟಕ ಬರೆದವರ ಬೆನ್ನಿಗೂ ಆ ಕಾಗದಗಳಿದ್ದವು. ಕಾಗದ ಇಲ್ಲದೆ ಅದೇ ನಾಟಕ 2009ರಲ್ಲಿ ಬಂದಿದ್ದರೆ ಮಾನನಷ್ಟ ಮೊಕದ್ದಮೆ ಬೀಳುತ್ತಿತ್ತು ಅಷ್ಟೇ.

ನಮ್ಮಲ್ಲೇ ನೋಡಿ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂತ ಗೋಕಾಕ್ ಸಮಿತಿ ವರದಿ ಕೊಟ್ಟಿದ್ದು 1981ರಲ್ಲಿ. ಸಾಹಿತಿಗಳು ಧರಣಿ ಕೂತರು, ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. 1982ರಲ್ಲಿ ರಾಜ್‌ಕುಮಾರ್ ಬಂದರು, ಬೀದಿ ತುಂಬಿತು, ಸರ್ಕಾರ ಬಗ್ಗಿತು. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಯಾರೂ ಹೇಳಲ್ಲ. ಭಾಷಾ ನೀತಿ ದಶಕಗಟ್ಟಲೆ ಕೋರ್ಟಿನಲ್ಲಿ ಅಲೆಯಿತು. 1994ರ ಶಿಕ್ಷಣ ಮಾಧ್ಯಮದ ಆದೇಶ ಕೊನೆಗೆ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಕೋರ್ಟಿನ ಒಳಗೆ ಜೈಕಾರ ಕೇಳಿಸಲ್ಲ.

ಹಳೇ ತಾಲೀಮು

ಅರ್ಜಿದಾರರೇ, ರಾಜ್‌ಕುಮಾರ್ ಬರದಿದ್ದರೆ ಕೋರ್ಟಿಗೆ ಹೋಗೋಕೆ ಆದೇಶವೇ ಇರುತ್ತಿರಲಿಲ್ಲ, ಅಲ್ವಾ?

ಅರ್ಜಿದಾರ

ಇರುತ್ತಿರಲಿಲ್ಲ, ಒಪ್ಪಿದೆ. ಬೀದಿ ತುಂಬಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಬೀದಿ ತುಂಬಿದ ದಿನವೇ ಕೆಲಸ ಮುಗೀತು ಅಂತ ಮನೆಗೆ ಹೋದವರ ಮೇಲೆ ಸಿಟ್ಟು.

ಬಣ್ಣದ ಡಬ್ಬಿ

ನಾನು ಗೋಡೆ ಮೇಲೆ ಚಿತ್ರ ಬರೆಯುವವಳು. ಕಾನೂನು ಬದಲಾಯಿಸಿತಾ ಅನ್ನೋ ಒಂದೇ ಅಳತೆಗೋಲು ಹಿಡಿದರೆ ಕಲೆ ಯಾವಾಗಲೂ ಸೋಲುತ್ತದೆ. ಕಲೆ ಮಾಡುವ ಒಂದು ಕೆಲಸವನ್ನು ಬೇರೆ ಯಾರೂ ಮಾಡಲ್ಲ. ಇಲ್ಲದವರನ್ನು ಕಣ್ಣೆದುರಿಗೆ ನಿಲ್ಲಿಸೋದು.

ಅರ್ಜೆಂಟೀನಾದಲ್ಲಿ ಸೇನಾಡಳಿತ ಸಾವಿರಾರು ಜನರನ್ನು ಹೊತ್ತೊಯ್ದು ಕಾಣೆ ಮಾಡಿತು. ಅವರ ತಾಯಂದಿರು 1977ರಿಂದ ಅಧ್ಯಕ್ಷರ ಭವನದ ಎದುರಿನ ಚೌಕದಲ್ಲಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಸುತ್ತುತ್ತಿದ್ದರು. 1983ರ ಸೆಪ್ಟೆಂಬರಿನಲ್ಲಿ ಕೆಲವು ಕಲಾವಿದರು ಅವರ ಜೊತೆ ಸೇರಿ ಒಂದು ಕೆಲಸ ಮಾಡಿದರು. ಕಾಗದವನ್ನು ನೆಲಕ್ಕೆ ಹಾಸಿ, ಅದರ ಮೇಲೆ ಜನ ಮಲಗಿ, ಅವರ ಮೈಯ ಸುತ್ತ ಗೆರೆ ಎಳೆದರು. ಆಳೆತ್ತರದ ಖಾಲಿ ಆಕೃತಿ. ಅದನ್ನು ಚೌಕದ ಸುತ್ತಲಿನ ಗೋಡೆಗಳ ಮೇಲೆ ನಿಂತ ಭಂಗಿಯಲ್ಲಿ ಅಂಟಿಸಿದರು. ದಾರಿಹೋಕರೂ ಬಂದು ತಾವೇ ಮಲಗಿ ಗೆರೆ ಎಳೆಸಿಕೊಂಡರು. ಕಾಣೆಯಾದವನು ಎಷ್ಟು ಎತ್ತರ ಇದ್ದ, ಎಷ್ಟು ಜಾಗ ಹಿಡಿಯುತ್ತಿದ್ದ ಅಂತ ನೋಡಿದವರಿಗೆ ಮೈಮೇಲೆ ಗೊತ್ತಾಯಿತು. ಸೇನಾಡಳಿತ ಆಗಲೇ ಕೊನೆಯುಸಿರು ಎಳೆಯುತ್ತಿತ್ತು, ಈ ಚಿತ್ರಗಳು ಅದನ್ನು ಉರುಳಿಸಿದವು ಅಂತ ನಾನು ಹೇಳಲ್ಲ. ಆದರೆ "ಅಂಥವರು ಯಾರೂ ಇರಲೇ ಇಲ್ಲ" ಅನ್ನೋ ಸುಳ್ಳನ್ನು ಆ ಗೋಡೆಗಳ ಮುಂದೆ ನಿಂತು ಹೇಳೋಕೆ ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅಮೆರಿಕದಲ್ಲಿ 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರು ಹೊಲಿದ ಕೌದಿಯನ್ನು ವಾಷಿಂಗ್ಟನ್ನಿನಲ್ಲಿ ಹಾಸಿದ್ದೂ ಇಂಥದ್ದೇ. ಒಂದೊಂದು ತುಂಡೂ ಮೂರಡಿ ಅಗಲ, ಆರಡಿ ಉದ್ದ. ಒಂದು ಗೋರಿಯಷ್ಟು. ಮೊದಲ ದಿನ ಅಂಥ 1,920 ತುಂಡುಗಳಿದ್ದವು. ಅಂಕಿಯನ್ನು ಓದಿದವರು ಮರೆಯುತ್ತಾರೆ. ಅದರ ಪಕ್ಕದಲ್ಲಿ ನಡೆದವರು ಮರೆಯೋದು ಕಷ್ಟ.

ನಿಮ್ಮ ವಿಷಯದಲ್ಲಿ ಇದು ತಿರುಗುಮುರುಗು. ಬದುಕಿರುವವರನ್ನು ಕಾಗದ ಕಾಣೆ ಮಾಡಿದೆ.

ಸುಮ್ನೆ ಓದುವವ

ಈ 'ಕಾಗದದಲ್ಲಿ ಸತ್ತವರ' ವಿಷಯಕ್ಕೆ ಉತ್ತರ ಪ್ರದೇಶದ ಲಾಲ್ ಬಿಹಾರಿ ಅವರನ್ನು ಯಾರೂ ನೆನೆಸಲಿಲ್ಲವಲ್ಲ! ಆಜಂಗಢ ಜಿಲ್ಲೆಯವರು. ಜಮೀನಿಗಾಗಿ ಸಂಬಂಧಿಕರೇ ಅಧಿಕಾರಿಗೆ ಲಂಚ ಕೊಟ್ಟು ದಾಖಲೆಯಲ್ಲಿ ಅವರನ್ನು ಸಾಯಿಸಿದರು. 1975ರಿಂದ 1994ರವರೆಗೆ ಸರ್ಕಾರದ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಅವರು ಮಾಡಿದ್ದೇನು? ಹೆಸರಿನ ಮುಂದೆ 'ಮೃತಕ' ಅಂತ ಸೇರಿಸಿಕೊಂಡರು. ಸತ್ತವರ ಸಂಘ ಕಟ್ಟಿದರು. ಹೆಂಡತಿಗೆ ವಿಧವಾ ವೇತನ ಕೊಡಿ ಅಂತ ಅರ್ಜಿ ಹಾಕಿಸಿದರು. ಚುನಾವಣೆಗೂ ನಿಂತರು, ಗೆಲ್ಲೋಕಲ್ಲ, ಸತ್ತವನ ನಾಮಪತ್ರವನ್ನು ಸ್ವೀಕರಿಸುತ್ತಾರಾ ನೋಡೋಣ ಅಂತ. 2003ರಲ್ಲಿ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು, ನೊಬೆಲ್ಲನ್ನು ಅಣಕಿಸಿ ತಮಾಷೆಗೆ ಕೊಡುವ ಪ್ರಶಸ್ತಿ ಅದು.

ಇದು ಹೋರಾಟನಾ, ನಾಟಕನಾ? ನನಗಂತೂ ಗೆರೆ ಕಾಣಲಿಲ್ಲ. ಯಾವ ನಾಟಕಕಾರನಿಗೂ ಇಷ್ಟು ಚೆಂದದ ದೃಶ್ಯ ಹೊಳೆದಿರಲ್ಲ.

ಮೂರನೇ ಸಾಲು

ಲಾಲ್ ಬಿಹಾರಿ ವಿಷಯ ಓದಿ ಜೋರಾಗಿ ನಕ್ಕೆ. ಇದನ್ನು ಒಪ್ಪುತ್ತೇನೆ. ಯಾಕೆ ಅಂತಲೂ ಹೇಳುತ್ತೇನೆ. ಅವರು ಕಚೇರಿಯ ಸುಳ್ಳನ್ನು ಕಚೇರಿಯ ಭಾಷೆಯಲ್ಲೇ ಮುಂದುವರಿಸಿದರು. ಅರ್ಜಿ, ನಾಮಪತ್ರ, ಸಂಘದ ಲೆಟರ್‌ಹೆಡ್. ಅಲ್ಲಿ ಗುಮಾಸ್ತ ತಪ್ಪಿಸಿಕೊಳ್ಳೋಕೆ ಆಗಲ್ಲ, ಅವನೇ ಪಾತ್ರಧಾರಿ. ನಾನು ಬೈದದ್ದು ಗುಮಾಸ್ತ ಇಲ್ಲದ ಜಾಗದಲ್ಲಿ ಗುಮಾಸ್ತನನ್ನು ಆಡಿಕೊಳ್ಳುವ ನಾಟಕವನ್ನು.

ಅದಿರಲಿ, ಮಾಧ್ಯಮದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಒಳಪುಟ, ನಿಮ್ಮವರು ಇಂಥ ಸುದ್ದಿ ಹಾಕುತ್ತಾರಾ? ಹಾಕಿದರೂ ಎಲ್ಲಿ?

ಒಳಪುಟ

ನನ್ನ ಹೆಸರೇ ಹೇಳುತ್ತದಲ್ಲ, ಎಲ್ಲಿ ಅಂತ.

ಬೇಸರ ಮಾಡಿಕೊಳ್ಳದೆ ಕೇಳಿ. ಸಂಜೆ ಹೊತ್ತಿಗೆ ಡೆಸ್ಕಿಗೆ ಪ್ರೆಸ್ ನೋಟುಗಳ ರಾಶಿ ಬರುತ್ತದೆ. ನಿಮ್ಮಂಥ ಸಂಘಟನೆಯ ನೋಟು ಹೇಗಿರುತ್ತದೆ ಅಂದರೆ, ಮೊದಲ ಪ್ಯಾರಾ ಪೂರ್ತಿ ಖಂಡನೆ. ಎರಡನೇ ಪ್ಯಾರಾದಲ್ಲಿ ಜಾಗತೀಕರಣ. ಮೂರನೆಯದರಲ್ಲಿ ಹಕ್ಕೊತ್ತಾಯಗಳು, ಒಂದರಿಂದ ಹದಿನೈದು. ಕೊನೆಗೆ "ಈ ಸಂದರ್ಭದಲ್ಲಿ ಉಪಸ್ಥಿತರಿದ್ದರು" ಅಂತ ಇಪ್ಪತ್ತು ಹೆಸರು. ಅಜ್ಜಿ ಎಲ್ಲಿ? ಅಜ್ಜಿ ಇಲ್ಲವೇ ಇಲ್ಲ! ಉಪಸಂಪಾದಕ ಪುಟ ಕಟ್ಟುವ ಗಡಿಬಿಡಿಯಲ್ಲಿರುತ್ತಾನೆ. ಶೀರ್ಷಿಕೆಗೆ ಏನೂ ಸಿಗಲ್ಲ. "ವಿವಿಧ ಬೇಡಿಕೆ ಈಡೇರಿಕೆಗೆ ಆಗ್ರಹಿಸಿ ಪ್ರತಿಭಟನೆ" ಅಂತ ಸಿಂಗಲ್ ಕಾಲಂ. ಆ ಶೀರ್ಷಿಕೆ ಕಂಡರೆ ಓದುಗ ಪುಟ ತಿರುಗಿಸುತ್ತಾನೆ, ನನಗೂ ಗೊತ್ತು.

ಅದರ ಬದಲು ಒಂದು ಹಾಳೆ ತನ್ನಿ. ಒಬ್ಬ ಅಜ್ಜಿ, ಅವರು ಒಪ್ಪಿದರೆ ಹೆಸರು, ಫೋಟೋ. ವೇತನ ನಿಂತ ತಿಂಗಳು. 'ಮೃತ' ಅಂತ ಇರುವ ದಾಖಲೆಯ ಪ್ರತಿ. ಅರ್ಜಿ ಕೊಟ್ಟ ತಾರೀಖು, ಕಚೇರಿ ಕೊಟ್ಟ ಹಿಂಬರಹ. ಅಧಿಕಾರಿಯ ಪ್ರತಿಕ್ರಿಯೆಗೆ ಯಾರಿಗೆ ಫೋನ್ ಮಾಡಬೇಕು ಅಂತ ಹುದ್ದೆ ಸಮೇತ. ಇಷ್ಟಿದ್ದರೆ ವರದಿಗಾರನಿಗೆ ಸುದ್ದಿ ಸಿಕ್ಕ ಹಾಗೆ. "ಬದುಕಿದ್ದೇನೆ ಎಂದು ಸಾಬೀತು ಮಾಡು" ಅನ್ನೋ ಸುದ್ದಿಯನ್ನು ಯಾವ ಸಂಪಾದಕನೂ ಒಳಗೆ ತಳ್ಳಲ್ಲ.

ಇನ್ನೊಂದು ವಿಷಯ. ಸುದ್ದಿ ಬಂದ ಮೇಲೆ ಸಂಘಟನೆಯವರು ಕಟಿಂಗ್ ಫೈಲಿಗೆ ಹಾಕಿ ಮರೆಯುತ್ತಾರೆ. ತಿಂಗಳು ಬಿಟ್ಟು ಅದೇ ವರದಿಗಾರನಿಗೆ ಫೋನ್ ಮಾಡಿ "ಸಾರ್, ಇನ್ನೂ ಬಂದಿಲ್ಲ" ಅನ್ನಿ. ಫಾಲೋಅಪ್ ನಾವಾಗಿ ಮಾಡಲ್ಲ. ಮಾಡಬೇಕು, ಮಾಡಲ್ಲ. ದಿನವೂ ಹೊಸದು ಬೇಕು ಅನ್ನೋದು ನಮ್ಮ ಕಸುಬಿನ ಕಾಯಿಲೆ.

ಅರ್ಜಿದಾರ

ಈಗ ಕಂಜರದ ಹುಡುಗಿಯ ಮೂಲ ಪ್ರಶ್ನೆಗೆ ಬರುತ್ತೇನೆ. ಹಾಡಾ, ಪತ್ರಿಕೆಯಾ, ಅರ್ಜಿಯಾ ಅಂತ ಮೂರರಲ್ಲಿ ಒಂದನ್ನು ಆರಿಸಬೇಕು ಅಂದುಕೊಂಡದ್ದೇ ನಿಮ್ಮ ಗುಂಪಿನ ತೊಡಕು. ಮೂರನ್ನೂ ಒಂದೇ ಜಾಗದಲ್ಲಿ ಕೂರಿಸಿದವರು ಇದ್ದಾರೆ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಊರಿನ ಕೂಲಿಕಾರರು ಸೇರಿ 1990ರಲ್ಲಿ ಕಟ್ಟಿದ್ದು. ಬರಗಾಲದ ಕಾಮಗಾರಿಯಲ್ಲಿ ಕೂಲಿ ಸರಿಯಾಗಿ ಸಿಗುತ್ತಿರಲಿಲ್ಲ. ಕೇಳಿದರೆ ಲೆಕ್ಕ ಸರಿ ಇದೆ, ಹಾಜರಿ ಪಟ್ಟಿ ಗುಟ್ಟಿನ ದಾಖಲೆ ಅನ್ನುತ್ತಿದ್ದರು. ಹೇಗೋ ಪ್ರತಿ ಸಂಪಾದಿಸಿದರು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಅನ್ನೋ ಊರಲ್ಲಿ ಮೊದಲ ಜನಸುನ್ವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆ ನಡೆಸಿದರು. ಶಾಮಿಯಾನ, ಒಂದು ಮೈಕ್. ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಅಷ್ಟೇ!

ಇಂಥ ಸಭೆಗಳಲ್ಲಿ ನಡೆಯೋದು ಹೀಗೆ. ಒಂದು ಹೆಸರು ಓದುತ್ತಾರೆ. ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಹಣ ಪಡೆದಿದ್ದಾರೆ. ಆ ಮನುಷ್ಯ ಗುಂಪಿನಲ್ಲೇ ಕೂತಿರುತ್ತಾನೆ. "ನಾನು ಆ ಕೆಲಸಕ್ಕೆ ಹೋಗೇ ಇಲ್ಲ" ಅಂತ ಏಳುತ್ತಾನೆ. ಇನ್ನೊಂದು ಹೆಸರು ಓದಿದರೆ "ಅವರು ಸತ್ತು ಎಷ್ಟು ವರ್ಷವಾಯಿತು!" ಅಂತ ಹಿಂದಿನಿಂದ ಕೂಗು. ಕಟ್ಟಡ ಆಗಿದೆ ಅಂತ ಕಾಗದದಲ್ಲಿದೆ, ಕಟ್ಟಡಕ್ಕೆ ಸೂರೇ ಇಲ್ಲ. ಬೊಂಬೆಯಾಟ ಇತ್ತು, ಹಾಡುಗಳಿದ್ದವು, ಶಂಕರ್ ಸಿಂಗ್ ಅವರ ನಕಲು ಮಾಡುವ ಕಲೆ ಇತ್ತು. ಅವು ಸಭೆಗೆ ಮುಂಚೆ ಹೊತ್ತು ಕಳೆಯೋಕೆ ಇದ್ದವಲ್ಲ, ಲೆಕ್ಕಪತ್ರ ಅಂದರೆ ಏನು ಅಂತ ಓದು ಬರದವರಿಗೂ ತಿಳಿಸುತ್ತಿದ್ದವು.

1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. 'ಜನಸತ್ತಾ' ಅನ್ನೋ ಹಿಂದಿ ಪತ್ರಿಕೆಯ ಪ್ರಭಾಷ್ ಜೋಶಿಯಂಥ ಸಂಪಾದಕರು ಬಂದು ನೋಡಿ ಬರೆದರು. 2000ದಲ್ಲಿ ರಾಜಸ್ಥಾನದ ಕಾನೂನು, 2005ರಲ್ಲಿ ದೇಶದ ಮಾಹಿತಿ ಹಕ್ಕು ಕಾಯ್ದೆ. ನಾನು ಇವತ್ತು ಅರ್ಜಿ ಹಾಕೋದು ಆ ಕಾಯ್ದೆಯಲ್ಲೇ. ಹಾಗಾಗಿ ಕಲೆ ಬೇಡ ಅನ್ನೋಕೆ ನನಗೆ ಬಾಯಿಲ್ಲ. ಕಾಗದ ಇಲ್ಲದ ಕಲೆ ಬೇಡ ಅಂತೀನಿ.

ಅಲ್ಲಿ ಸತ್ತವರು ಪಟ್ಟಿಯಲ್ಲಿ ಬದುಕಿದ್ದರು. ನಿಮ್ಮಲ್ಲಿ ಬದುಕಿದವರು ಸತ್ತಿದ್ದಾರೆ. ಓದಿ ಗಟ್ಟಿಯಾಗಿ.

ಹಳೇ ತಾಲೀಮು

ನಾನು ಬೀದಿ ನಾಟಕದವನು, ಆದ್ದರಿಂದ ಮೂರನೇ ಸಾಲಿನವರ ಬೈಗುಳ ನನಗೇ ಅಂತ ತಗೊಂಡಿದ್ದೇನೆ. ಕಪ್ಪು ಕನ್ನಡಕದ ರಾಜಕಾರಣಿಯ ಬಗ್ಗೆ ಹೇಳಿದ್ದು ನಿಜ. ನಮ್ಮಲ್ಲಿ ಸೋಮಾರಿತನ ಬಂದಿದೆ. ಆದರೆ 'ಒಪ್ಪಿದವರಿಗೆ ಒಪ್ಪಿಸೋದು' ಅನ್ನೋದನ್ನು ನಾನು ಒಪ್ಪಲ್ಲ.

ನಮ್ಮ ಕರ್ನಾಟಕದ 'ಸಮುದಾಯ' ನಾಟಕ ತಂಡ 1975ರಲ್ಲಿ ಶುರುವಾಯಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತ ಕೂಲಿಕಾರರನ್ನು ಸುಟ್ಟು ಕೊಂದಾಗ ಅದನ್ನು ಬೀದಿ ನಾಟಕ ಮಾಡಿ ಊರೂರಿಗೆ ತಂದರು. ದೂರದ ಬಿಹಾರದ ಸುದ್ದಿ ಪತ್ರಿಕೆಯಲ್ಲಿ ಬಂದು ಹೋಗಿತ್ತು. ನಾಟಕ ಅದನ್ನು ಇಲ್ಲಿನ ಕೇರಿಯ ಮುಂದೆ ತಂದು ನಿಲ್ಲಿಸಿತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆ ಬಡಿದು ಸಿದ್ಧಲಿಂಗಯ್ಯನವರ ಹಾಡು ಹೇಳುವಾಗ ಕೇಳುತ್ತಿದ್ದವರಿಗೆ ಅನ್ಯಾಯ ಆಗಿದೆ ಅಂತ ಹೊಸದಾಗಿ ತಿಳಿಸಬೇಕಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಜೋರಾಗಿ ಹೇಳಬಹುದು ಅನ್ನೋದು ಗೊತ್ತಿರಲಿಲ್ಲ. ಒಪ್ಪಿಕೊಂಡು ಹೆದರಿ ಕೂತವರು ಮತ್ತು ಒಪ್ಪಿಕೊಂಡು ಎದ್ದು ನಿಂತವರು ಒಂದೇ ಅಲ್ಲ.

ದೆಹಲಿಯ ಬೀದಿ ನಾಟಕಕಾರ ಸಫ್ದರ್ ಹಾಶ್ಮಿ ಮೇಲೆ 1989ರ ಜನವರಿ 1ರಂದು ಸಾಹಿಬಾಬಾದ್ ಹತ್ತಿರ ಝಂಡಾಪುರದಲ್ಲಿ ನಾಟಕ ನಡೆಯುವಾಗಲೇ ಹಲ್ಲೆಯಾಯಿತು. ರಾಮ್ ಬಹಾದೂರ್ ಅನ್ನೋ ಕಾರ್ಮಿಕರನ್ನೂ ಕೊಂದರು. ಸಫ್ದರ್ ಮರುದಿನ ತೀರಿಕೊಂಡರು. ಜನವರಿ 4ಕ್ಕೆ ಅವರ ಹೆಂಡತಿ ಮೊಲೊಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿದರು. ಬೀದಿ ನಾಟಕ ಸುಮ್ನೆ ಹೊತ್ತು ಕಳೆಯುವ ವಸ್ತುವಾಗಿದ್ದರೆ ಯಾರೂ ಕಬ್ಬಿಣದ ಸರಳು ಹಿಡಿದು ಬರುತ್ತಿರಲಿಲ್ಲ. ಬ್ರಿಟಿಷರು 1876ರಲ್ಲಿ ನಾಟಕ ನಿಯಂತ್ರಣಕ್ಕೇ ಒಂದು ಕಾಯ್ದೆ ತಂದರಲ್ಲ, ಅದೂ ಅದಕ್ಕೇ.

ನಿಮಗೆ ಕೆಲಸಕ್ಕೆ ಬರುವ ಒಂದು ಪಟ್ಟು ಹೇಳುತ್ತೇನೆ. ಬ್ರೆಜಿಲ್‌ನ ಅಗಸ್ಟೋ ಬೋಆಲ್ ರೂಪಿಸಿದ 'ಫೋರಂ ಥಿಯೇಟರ್'. ದೃಶ್ಯವನ್ನು ಒಮ್ಮೆ ಪೂರ್ತಿ ಆಡುತ್ತಾರೆ, ಅನ್ಯಾಯದಲ್ಲೇ ಮುಗಿಯುತ್ತದೆ. ಎರಡನೇ ಸಲ ಆಡುವಾಗ ನೋಡುವವರು ಯಾರು ಬೇಕಾದರೂ "ನಿಲ್ಲಿಸಿ" ಅಂತ ಕೂಗಿ, ಅನ್ಯಾಯಕ್ಕೆ ಒಳಗಾದವರ ಪಾತ್ರಕ್ಕೆ ತಾವೇ ಬಂದು ಬೇರೆ ರೀತಿ ನಡೆದುಕೊಂಡು ತೋರಿಸಬಹುದು. ಕಿಟಕಿ, ಗುಮಾಸ್ತ, ಅಜ್ಜಿ. ಇಷ್ಟು ಸಾಕು. ಅಜ್ಜಿಯೇ ಎದ್ದು ಬಂದು "ಮೃತ ಅಂತ ಬರೆದ ಆದೇಶದ ನಕಲು ಕೊಡಪ್ಪ, ಯಾರು ಸಹಿ ಹಾಕಿದ್ದು?" ಅಂತ ಕೇಳೋದನ್ನು ಅಲ್ಲಿ ರೂಢಿ ಮಾಡಿಕೊಂಡರೆ, ನಾಳೆ ನಿಜವಾದ ಕಿಟಕಿಯಲ್ಲೂ ಕೇಳುತ್ತಾರೆ. ಬೋಆಲ್ ಆಮೇಲೆ ರಿಯೋ ನಗರಸಭೆಗೆ ಸದಸ್ಯರಾಗಿ ಹೋದರು, ಇದೇ ಆಟದಿಂದ ಬಂದ ಸಲಹೆಗಳಲ್ಲಿ 13 ಕಾನೂನುಗಳಾದವು. ಮೂರನೇ ಸಾಲಿನವರು ಒಂದು ಕೇಳಿದ್ದರು.

ಮೂರನೇ ಸಾಲು

ಹದಿಮೂರು! ಸರಿ, ಬರೆದುಕೊಂಡೆ. ಆದರೂ ಒಂದು ಕೇಳುತ್ತೇನೆ. ಈಗ ಬೀದಿ ನಾಟಕ ಅಂದರೆ ಇಲಾಖೆಯ ಬೀದಿ ನಾಟಕವೇ ಜಾಸ್ತಿ ಅಲ್ವಾ? ಯೋಜನೆಯ ಹೆಸರು ಹೇಳಿ ಸರ್ಕಾರವನ್ನು ಹೊಗಳೋದು.

ಹಳೇ ತಾಲೀಮು

ಆ ಕೆಲಸ ನಾನೂ ಮಾಡಿದ್ದೇನೆ, ಹೊಟ್ಟೆಪಾಡು. ಒಂದು ಇಲಾಖೆ ಸ್ಕ್ರಿಪ್ಟ್ ಕೊಟ್ಟಿತ್ತು. ಪ್ರದರ್ಶನ ಮುಗಿದ ತಕ್ಷಣ ಪಂಚಾಯಿತಿಯಿಂದ ಸಹಿ, ಸೀಲು ಹಾಕಿಸಬೇಕು, ಬ್ಯಾನರ್ ಕಾಣುವ ಹಾಗೆ ಫೋಟೋ ತೆಗೆಯಬೇಕು. ಫೋಟೋದಲ್ಲಿ ಜನ ಕಮ್ಮಿ ಕಂಡರೆ ಬಿಲ್ ಪಾಸಾಗಲ್ಲ. ಹಾಗಾಗಿ ಶಾಲೆ ಬಿಡುವ ಹೊತ್ತಿಗೆ ಶಾಲೆ ಮುಂದೆಯೇ ಆಡುತ್ತಿದ್ದೆವು. ವೃದ್ಧಾಪ್ಯ ವೇತನದ ನಾಟಕವನ್ನು ಐದನೇ ಕ್ಲಾಸಿನ ಮಕ್ಕಳು ನೋಡಿದ್ದಾರೆ!

ಆದರೆ ಸರ್ಕಾರದ ದುಡ್ಡು ಮುಟ್ಟಿದ ತಕ್ಷಣ ಕಲೆ ಕೆಡುತ್ತದೆ ಅಂತಲೂ ಹೇಳಲಾರೆ. ಕೇರಳದಲ್ಲಿ ಜನರಿಗೆ ವಿಜ್ಞಾನ ತಲುಪಿಸುವ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಲಾಜಾಥಾಗಳು, ಅಂದರೆ ಊರೂರು ಸುತ್ತುವ ಹಾಡು-ನಾಟಕದ ತಂಡಗಳು, ಆಮೇಲೆ ಸಾಕ್ಷರತಾ ಆಂದೋಲನ. ಎರ್ನಾಕುಲಂ 1990ರಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಅಲ್ಲಿ ಆಡಳಿತ, ಹಾಡು, ಸ್ವಯಂಸೇವಕರು ಒಟ್ಟಿಗೆ ನಡೆದರು. ನಾಟಕ ನೋಡಿದವರು ಮಾರನೇ ದಿನ ಹೋಗಿ ಸೇರೋಕೆ ಒಂದು ತರಗತಿ ಇತ್ತು. ನಮ್ಮ ನಾಟಕ ಮುಗಿದ ಮೇಲೆ ಹೋಗೋಕೆ ಎಲ್ಲೂ ಇರಲಿಲ್ಲ.

ಕಂಜರದ ಹುಡುಗಿ

ಎಲ್ಲ ಓದಿದೆ. ಅರ್ಜಿದಾರ ಅಣ್ಣ ಹೇಳಿದ್ದನ್ನು ಗುಂಪಿನಲ್ಲಿ ಓದಿ ಹೇಳಿದೆ, ಮೂವರೂ ಸುಮ್ಮನಾದರು. ಆದರೆ ನನಗೊಂದು ವಿಷಯ ಚುಚ್ಚುತ್ತಿದೆ.

ಹಿಂದೆ ಒಂದು ಸಲ ಟಿವಿಯವರನ್ನು ಕರೆಸಿದ್ದೆವು. ಬಂದವರು ಅಜ್ಜಿಯನ್ನು ಬಾಗಿಲಲ್ಲಿ ಕೂರಿಸಿದರು. ಖಾಲಿ ಪಾತ್ರೆ ಕೈಗೆ ಕೊಟ್ಟರು. ಅಜ್ಜಿ ಗಟ್ಟಿ ಹೆಂಗಸು, ತಮಾಷೆಯಾಗಿ ಮಾತಾಡುವವರು. "ನಾನು ಸತ್ತಿದ್ದೀನಂತೆ, ತಿಥಿ ಊಟಕ್ಕೆ ನನ್ನನ್ನೇ ಕರೆಯಲಿಲ್ಲ" ಅಂತ ಕ್ಯಾಮೆರಾ ಮುಂದೆ ನಕ್ಕರು. ಅದನ್ನು ಹಾಕಲಿಲ್ಲ. "ಅಜ್ಜಿ, ಸ್ವಲ್ಪ ಬೇಜಾರಾಗಿ ಹೇಳಿ" ಅಂತ ಮತ್ತೆ ಬೈಟ್ ತಗೊಂಡರು. ಪ್ರಸಾರವಾದಾಗ ಹಿಂದೆ ಪಿಟೀಲು ಬೇರೆ. ಅಜ್ಜಿಗೆ ಅವಮಾನವಾಯಿತು. ಅಕ್ಕಪಕ್ಕದವರು ಪಾತ್ರೆ ವಿಷಯ ಎತ್ತಿ ಆಡಿಕೊಂಡರು.

ನಾವು ಹಾಡಿನವರು, ನಾಟಕದವರು ಇದಕ್ಕಿಂತ ಮೇಲು ಅಂತ ಹೇಗೆ ಹೇಳೋದು? ನಾವೂ ಅಜ್ಜಿ ಪಾತ್ರಕ್ಕೆ ನಡುಗುವ ದನಿ ಕೊಡುತ್ತೇವೆ, ಕೋಲು ಕೊಡುತ್ತೇವೆ. ಹಾಡಿನಲ್ಲಿ ಕಣ್ಣೀರು ಇಲ್ಲದ ಚರಣ ಇಲ್ಲ. ಈಗ ಮೈಕಿನಲ್ಲಿ ಅವರ ಹೆಸರು, ನಿಂತ ವೇತನ ಎಲ್ಲ ಓದಿದರೆ ಅದೂ ಅದೇ ಆಗಲ್ವಾ?

ಬಣ್ಣದ ಡಬ್ಬಿ

ಈ ಪ್ರಶ್ನೆ ಕೇಳಿದ್ದು ಒಳ್ಳೇದಾಯಿತು. ನನ್ನ ಮಟ್ಟಿಗೆ ಗೆರೆ ಇಲ್ಲಿದೆ: ಯಾರ ಕಥೆಯೋ ಅವರು ನಿಲ್ಲಿಸಿ ಅಂದರೆ ನಿಲ್ಲಬೇಕು. ಚಿತ್ರ ಬರೆಯುವ ಮುಂಚೆ ಸ್ಕೆಚ್ ತೋರಿಸುತ್ತೇನೆ. ಒಬ್ಬರು "ನನ್ನನ್ನು ಇಷ್ಟು ಮುದುಕಿ ಮಾಡಬೇಡಮ್ಮ" ಅಂದರು, ಬದಲಾಯಿಸಿದೆ. ಅಳುವ ಮುಖ ಬರೆಯೋದು ಸುಲಭ, ಎಲ್ಲರೂ ಬರೆಯುತ್ತಾರೆ.

ನಿಮ್ಮ ಅಜ್ಜಿಯ ತಿಥಿ ಊಟದ ಮಾತು ನೂರು ಕ್ರಾಂತಿಗೀತೆಗೆ ಸಮ. ಟಿವಿ ಬಿಟ್ಟದ್ದನ್ನು ನೀವು ಎತ್ತಿಕೊಳ್ಳಿ. ಅವರೇ ಹೇಳಲಿ, ನಗುತ್ತಲೇ ಹೇಳಲಿ.

ಒಳಪುಟ

ಪಾತ್ರೆ ಕೈಗೆ ಕೊಟ್ಟಿದ್ದು ಓದಿ ತಲೆ ತಗ್ಗಿಸುವ ಹಾಗಾಯಿತು. ಮುಂದೆ ಯಾರೇ ಕ್ಯಾಮೆರಾ ತಂದರೂ ನಿಮ್ಮವರೊಬ್ಬರು ಪಕ್ಕದಲ್ಲಿರಿ. ಸಾಮಾನು ಕೈಗೆ ಕೊಟ್ಟರೆ ಬೇಡ ಅನ್ನಿ. ಸುದ್ದಿ ಕೈತಪ್ಪಬಹುದು, ತಪ್ಪಲಿ.

ಅರ್ಜಿದಾರ

ಹೆಸರು ಓದುವ ವಿಷಯಕ್ಕೆ: ಮುಂಚೆ ಮನೆಮನೆಗೆ ಹೋಗಿ, ಅವರ ದಾಖಲೆಯನ್ನು ಅವರಿಗೇ ಓದಿ ಹೇಳಿ, ಸಭೆಯಲ್ಲಿ ಓದಬಹುದಾ ಅಂತ ಕೇಳಿ. ಬೇಡ ಅಂದವರ ಹೆಸರು ಬಿಡಿ. ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಯಾರದ್ದೂ ಓದಬೇಡಿ, ಬೋರ್ಡಿಗೂ ಅಂಟಿಸಬೇಡಿ.

ಅರ್ಜಿ ಈಗಲೇ ಹಾಕಿ. ಉತ್ತರಕ್ಕೆ 30 ದಿನ ಇದೆ, ಬರದಿದ್ದರೆ ಮೊದಲ ಮೇಲ್ಮನವಿ. ಕೇಳಬೇಕಾದ್ದು: 'ಮೃತ' ಅಂತ ನಮೂದಿಸಲು ಯಾವ ದಾಖಲೆ ಆಧಾರ, ಯಾರ ವರದಿ, ಯಾವ ತಾರೀಖು, ಯಾರ ಸಹಿ. "ಯಾಕೆ" ಅಂತ ಕೇಳಬೇಡಿ, ಮಾಹಿತಿ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ ಅಂತ ತಪ್ಪಿಸಿಕೊಳ್ಳುತ್ತಾರೆ. ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಅಂತ ಕಾಯ್ದೆಯ ಸೆಕ್ಷನ್ 4ರಲ್ಲೇ ಇದೆ, ಅದನ್ನೂ ಎತ್ತಿ ಹೇಳಿ. ಸಭೆಗೆ ಅಧಿಕಾರಿಯನ್ನು ಬರಹದಲ್ಲಿ ಕರೆಯಿರಿ, ಸ್ವೀಕೃತಿ ತಗೊಳ್ಳಿ. ಬರದಿದ್ದರೆ ಅದನ್ನೇ ಮೈಕಿನಲ್ಲಿ ಓದಿ.

ಕಂಜರದ ಹುಡುಗಿ

ಆಯಿತು, ಹೀಗೆ ಅಂದುಕೊಂಡಿದ್ದೇವೆ. ಅರ್ಜಿ ಮೊದಲು. ಉತ್ತರ ಬಂದ ಮೇಲೆ ಸಭೆ. ಒಬ್ಬೊಬ್ಬರ ದಾಖಲೆ ಓದೋದು, ಅವರು ಎದ್ದು ನಿಂತು ತಮ್ಮ ಮಾತಲ್ಲೇ ಹೇಳೋದು. ಹಳೇ ತಾಲೀಮು ಅಣ್ಣ ಹೇಳಿದ ಕಿಟಕಿಯ ಆಟ ಸಭೆಗೆ ಮುಂಚೆ ಕೇರಿಗಳಲ್ಲಿ, ತಯಾರಿಗೆ. ಹಾಡು ಮಧ್ಯದಲ್ಲಿ ಬರುತ್ತದೆ. ಒಂದು ಹೆಸರಿಗೆ ಒಂದು ಸಾಲು, ಕಂಜರದ ಒಂದು ಪೆಟ್ಟು, ಮುಂದಿನ ಹೆಸರು. ಅತಿಥಿ ಅಂತ ಯಾರನ್ನೂ ಕರೆಯುತ್ತಿಲ್ಲ, ಆದ್ದರಿಂದ ಯಾರಿಗೂ ಕಾಯೋದಿಲ್ಲ. ತಿಥಿ ಊಟದ ಮಾತನ್ನು ಅಜ್ಜಿ ತಾವೇ ಮೈಕಿನಲ್ಲಿ ಹೇಳುತ್ತಾರಂತೆ, ಕೇಳಿಕೊಂಡು ಬಂದೆ.

ಅರ್ಜಿದಾರ

ಮೈಕಿಗೆ ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ತಗೊಳ್ಳಿ. ಅನುಮತಿ ಇಲ್ಲ ಅನ್ನೋ ಒಂದೇ ನೆಪಕ್ಕೆ ಸಭೆ ಎಬ್ಬಿಸಿದ್ದು ನೋಡಿದ್ದೇನೆ.

ಮೂರನೇ ಸಾಲು

ದಿನ ಗೊತ್ತಾದ ಮೇಲೆ ಇಲ್ಲಿ ಹಾಕಿ, ಬರುತ್ತೇನೆ. ಮುಗಿದ ಮೇಲೂ ಬರೆಯಿರಿ. ಸಭೆ ಯಶಸ್ವಿಯಾಯಿತು ಅಂತೆಲ್ಲ ಬೇಡ, ಎಷ್ಟು ಜನರ ವೇತನ ಮತ್ತೆ ಶುರುವಾಯಿತು ಅಂತ ಬರೆಯಿರಿ.

ಒಳಪುಟ

ನನಗೂ ತಿಳಿಸಿ. ನಮ್ಮ ಹಳೇ ಕಚೇರಿಯಲ್ಲಿ ಇನ್ನೂ ಇಬ್ಬರು ನನ್ನ ಫೋನ್ ಎತ್ತುತ್ತಾರೆ.